ಹೆಲಿಕಾಪ್ಟರಿಗೆ ವಯಸ್ಸಾಗುವುದು ಎಲ್ಲಿ?

1999ರ ಅಕ್ಟೋಬರ್‌ನಲ್ಲಿ ಸೈಬೀರಿಯಾದ ತೈಮಿರ್ ಪ್ರದೇಶದಲ್ಲಿ ಒಂದು ಎಂಐ-26 ಹೆಲಿಕಾಪ್ಟರ್ ವಿಚಿತ್ರವಾದ ಹೊರೆ ಎತ್ತಿತು. ಹೆಪ್ಪುಗಟ್ಟಿದ ಮಣ್ಣಿನ ದೊಡ್ಡ ಗಡ್ಡೆ. ಅದರೊಳಗೆ ಸುಮಾರು 20 ಸಾವಿರ ವರ್ಷಗಳ ಹಿಂದೆ ಸತ್ತ ಮ್ಯಾಮತ್ ಆನೆಯ ಅವಶೇಷ. ತೂಕ 20 ಟನ್ ದಾಟಿತ್ತು. ಎಂಐ-26 ಹೊರಬಹುದಾದ ಭಾರದ ಮಿತಿಯೇ 20 ಟನ್. ಹೇಗೋ ಆ ಗಡ್ಡೆ ಖತಾಂಗಾ ಊರು ತಲುಪಿತು. ಫೋಟೊಗಳು ಜಗತ್ತೆಲ್ಲ ಓಡಾಡಿದವು. ಹೆಲಿಕಾಪ್ಟರ್ ಮಾತ್ರ ಸೀದಾ ಕಾರ್ಖಾನೆಗೆ ಹೋಗಬೇಕಾಯಿತು. ಮೈ ಬಾಗಿದೆಯೇ, ನೆತ್ತಿಯ ಮೇಲೆ ತಿರುಗುವ ರೋಟರ್ ತಿರುಚಿದೆಯೇ ಎಂದು ಬಿಚ್ಚಿ ನೋಡಬೇಕಿತ್ತು.

ಆ ಒಂದು ಹಾರಾಟದಲ್ಲಿ ಆ ಯಂತ್ರಕ್ಕೆ ಎಷ್ಟು ವಯಸ್ಸಾಯಿತು? ಕ್ಯಾಲೆಂಡರ್ ಕೇಳಿದರೆ ಒಂದು ದಿನ. ಲೋಹವನ್ನು ಕೇಳಿದರೆ ಉತ್ತರ ಬೇರೆ.

ಭಾರೀ ಹೆಲಿಕಾಪ್ಟರುಗಳ ಸುದ್ದಿ ಬಂದಾಗಲೆಲ್ಲ ಈ ವ್ಯತ್ಯಾಸ ನೆನಪಾಗುತ್ತದೆ. ಎಲ್ಲಾದರೂ ಅಪಘಾತವಾದರೆ ಮೊದಲ ಸಾಲಿನಲ್ಲೇ 'ಹಳೆಯ ಕಾಲದ', 'ಅರವತ್ತು ವರ್ಷದ ವಿನ್ಯಾಸದ' ಎಂಬ ವಿಶೇಷಣ ಬಂದು ಕೂರುತ್ತದೆ. ಲೆಕ್ಕ ಸುಳ್ಳಲ್ಲ. ಚಿನೂಕ್ ಮೊದಲು ಹಾರಿದ್ದು 1961ರಲ್ಲಿ. ಮಿಡತೆಯ ಹಾಗೆ ಕಾಣುವ ಸ್ಕೈಕ್ರೇನ್ 1962ರಲ್ಲಿ. ಸಿಕೋರ್ಸ್ಕಿ ಕಂಪನಿಯ ಸಿಎಚ್-53 ಹಾರಿದ್ದು 1964ರಲ್ಲಿ. ಇವುಗಳ ಪಕ್ಕದಲ್ಲಿ 1977ರ ಎಂಐ-26 ಕಿರಿಯ ತಮ್ಮ ಅನ್ನಬೇಕು. ಎಲ್ಲವೂ ಒಂದಲ್ಲ ಒಂದು ರೂಪದಲ್ಲಿ ಇವತ್ತಿಗೂ ಕೆಲಸ ಮಾಡುತ್ತಿವೆ. ಸೇತುವೆಯ ತುಂಡು ಎತ್ತುತ್ತವೆ, ಕಾಡಿನ ಬೆಂಕಿಗೆ ನೀರು ಸುರಿಯುತ್ತವೆ, ಸೈನಿಕರನ್ನು ಬೆಟ್ಟದ ಮೇಲೆ ಇಳಿಸುತ್ತವೆ.

ಆದರೆ 'ಈ ಹೆಲಿಕಾಪ್ಟರ್ ಎಷ್ಟು ಹಳೆಯದು' ಎಂಬ ಪ್ರಶ್ನೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ ಎಂದೇ ನನ್ನ ಅನಿಸಿಕೆ. ಯಾಕೆಂದರೆ ಹೆಲಿಕಾಪ್ಟರಿಗೆ ಒಂದೇ ವಯಸ್ಸು ಇರುವುದಿಲ್ಲ. ಅದರ ಒಂದೊಂದು ಭಾಗಕ್ಕೂ ಒಂದೊಂದು ವಯಸ್ಸು.

ಚಿನೂಕನ್ನೇ ತೆಗೆದುಕೊಳ್ಳಿ. ಅದರ ಮುಂದೊಂದು ಹಿಂದೊಂದು ರೋಟರ್ ನಿಮಿಷಕ್ಕೆ ಸುಮಾರು 225 ಸುತ್ತು ತಿರುಗುತ್ತವೆ. ಪ್ರತಿ ಸುತ್ತಿನಲ್ಲೂ ಪ್ರತಿ ಬ್ಲೇಡು ಒಮ್ಮೆ ಗಾಳಿಗೆ ಎದುರಾಗಿ ನುಗ್ಗುತ್ತದೆ, ಒಮ್ಮೆ ಗಾಳಿಯ ಜೊತೆಗೆ ಹಿಂದೆ ಸರಿಯುತ್ತದೆ. ಅಂದರೆ ಸುತ್ತಿಗೆ ಕನಿಷ್ಠ ಒಂದು ಸಲ ಬ್ಲೇಡಿನ ಬುಡದ ಮೇಲೆ ಹೊರೆ ಏರಿ ಇಳಿಯುತ್ತದೆ. ಗಂಟೆಗೆ 13,500 ಸಲ. 1,000 ಗಂಟೆ ಹಾರಿದರೆ 1 ಕೋಟಿ 35 ಲಕ್ಷ ಸಲ. ಕಬ್ಬಿಣದ ತಂತಿಯನ್ನು ಬಗ್ಗಿಸಿ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ ಮುರಿಯುವುದನ್ನು ಎಲ್ಲರೂ ಚಿಕ್ಕವರಿದ್ದಾಗ ಮಾಡಿರುತ್ತೇವೆ ಅಲ್ವಾ? ಅದೇ ಆಟ, ತುಂಬಾ ಸಣ್ಣ ಪ್ರಮಾಣದಲ್ಲಿ, ಕೋಟಿಗಟ್ಟಲೆ ಸಲ. ಎಂಜಿನಿಯರುಗಳು ಇದಕ್ಕೆ ಲೋಹದ ದಣಿವು ಎನ್ನುತ್ತಾರೆ.

ಈ ದಣಿವಿನ ಲೆಕ್ಕ ಇಡುವುದಕ್ಕೆ ಹಳೆಯ, ಒರಟಾದ, ಆದರೆ ಗಟ್ಟಿಯಾದ ಒಂದು ಪದ್ಧತಿ ಇದೆ. ಹೊಸ ವಿನ್ಯಾಸದ ಭಾಗವನ್ನು ಪ್ರಯೋಗಾಲಯದಲ್ಲಿ ಮುರಿಯುವವರೆಗೂ ಅಲುಗಾಡಿಸುತ್ತಾರೆ. ಎಷ್ಟು ಸಲಕ್ಕೆ ಮುರಿಯಿತು ಎಂದು ಬರೆದುಕೊಂಡು, ಅದರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಆ ಭಾಗದ ಆಯಸ್ಸು ಎಂದು ನಿಗದಿ ಮಾಡುತ್ತಾರೆ. ಆಯಸ್ಸು ಮುಗಿದ ದಿನ ಆ ಭಾಗ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಲೇಬೇಕು. ತೆಗೆದು ಸುಮ್ನೆ ಮೂಲೆಗೆ ಎಸೆದರೂ ಸಾಲದು. ಯಾರೂ ಮತ್ತೆ ಬಳಸದ ಹಾಗೆ ಕತ್ತರಿಸಿ ಹಾಕುತ್ತಾರೆ. ಇದರ ಇನ್ನೊಂದು ಮುಖ ಇನ್ನೂ ತಮಾಷೆ. ಒಂದು ಭಾಗದ ಲಾಗ್ ಕಾರ್ಡ್ ಕಳೆದುಹೋದರೆ, ಎಷ್ಟು ಗಂಟೆ ಹಾರಿದೆ ಎಂದು ಸಾಬೀತು ಮಾಡಲಾಗದಿದ್ದರೆ, ಆ ಭಾಗ ಗುಜರಿಗೆ ಸಮ. ಕೈಯಲ್ಲಿ ಹೊಳೆಯುವ ಉಕ್ಕು ಇರುತ್ತದೆ, ಕಾಗದ ಇರುವುದಿಲ್ಲ. ಕಾಗದವೇ ಗೆಲ್ಲುತ್ತದೆ.

ಗಂಟೆಯ ಲೆಕ್ಕವೂ ಎಲ್ಲ ಕಡೆ ಸಾಲುವುದಿಲ್ಲ. ಕಾಡಿನಲ್ಲಿ ಕಡಿದ ಮರದ ದಿಮ್ಮಿ ಸಾಗಿಸುವ ಹೆಲಿಕಾಪ್ಟರ್ ಒಂದು ಗಂಟೆಯಲ್ಲಿ ಹತ್ತಾರು ಸಲ ಪೂರ್ತಿ ಭಾರ ಎತ್ತಿ ಇಳಿಸುತ್ತದೆ. ಅದೇ ಗಂಟೆಯಲ್ಲಿ ನೇರ ದಾರಿಯಲ್ಲಿ ಜನರನ್ನು ಕರೆದೊಯ್ಯುವ ಹೆಲಿಕಾಪ್ಟರಿಗೆ ಒಂದು ಏರು, ಒಂದು ಇಳಿ. ಎರಡರ ಮೀಟರಿನಲ್ಲೂ ಕಾಣುವುದು ಒಂದೇ ಗಂಟೆ. ಹಾಗಾಗಿ ಇಂಥ ಕೆಲಸ ಮಾಡುವ ಯಂತ್ರಗಳ ಕೆಲವು ಭಾಗಗಳಿಗೆ ಎತ್ತಿದ ಸಲಗಳ ಲೆಕ್ಕವನ್ನೇ ಬೇರೆ ಇಡುತ್ತಾರೆ. ಇನ್ನೊಂದು ಕಡೆ ಸೈನ್ಯದ ಎಷ್ಟೋ ಹೆಲಿಕಾಪ್ಟರುಗಳು ವರ್ಷದ ಹೆಚ್ಚು ದಿನ ಹ್ಯಾಂಗರಿನಲ್ಲೇ ಇರುತ್ತವೆ. 40 ವರ್ಷದ ಸೈನ್ಯದ ಯಂತ್ರ 15 ವರ್ಷದ ದಿಮ್ಮಿ ಹೊರುವ ಯಂತ್ರಕ್ಕಿಂತ 'ಚಿಕ್ಕದು' ಇರಬಹುದು.

ಹಾಗಾದರೆ 1961ರ ಚಿನೂಕ್ ಎಂದರೆ ಯಾವುದು? ಮೊದಲ 'ಎ' ಮಾದರಿ ಗರಿಷ್ಠ 15 ಟನ್ ತೂಕದೊಂದಿಗೆ ಹಾರುತ್ತಿತ್ತು. ಈಗಿನ 'ಎಫ್' ಮಾದರಿಯದು 22 ಟನ್ನಿಗೂ ಜಾಸ್ತಿ. ಎಂಜಿನ್ ಅದೇ ಟಿ-55 ಕುಟುಂಬದ್ದೇ, ಆದರೆ ಶಕ್ತಿ ಎರಡು ಪಟ್ಟು ದಾಟಿದೆ. ನಡುವೆ 1980ರ ದಶಕದಲ್ಲಿ ಅಮೆರಿಕದ ಸೈನ್ಯ ಎ, ಬಿ, ಸಿ ಮಾದರಿಗಳನ್ನು ಕಾರ್ಖಾನೆಗೆ ವಾಪಸ್ ಕಳಿಸಿತು. ಅಲ್ಲಿ ಅವನ್ನು ಅಸ್ಥಿಪಂಜರದ ತನಕ ಬಿಚ್ಚಿ, ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಫೈಬರ್ ಬ್ಲೇಡ್ ಹಾಕಿ 'ಡಿ' ಎಂದು ಹೆಸರಿಟ್ಟು ಹೊರಗೆ ಕಳಿಸಿದರು. ಎಫ್ ಮಾದರಿಯಲ್ಲಿ ಉಲ್ಟಾ ಆಯಿತು. ಎಷ್ಟೋ ಎಫ್‌ಗಳಿಗೆ ಮೈ ಹೊಸದು, ಅದರೊಳಗೆ ಹಳೆಯ ಡಿ ಹೆಲಿಕಾಪ್ಟರಿನಿಂದ ತೆಗೆದು ಹೊಸದಾಗಿ ಸಿದ್ಧಪಡಿಸಿದ ರೋಟರ್ ಹೆಡ್ಡು, ಗೇರ್‌ಬಾಕ್ಸುಗಳು. ಒಂದು ತಲೆಮಾರಿನಲ್ಲಿ ಹಳೆಯ ಮೈಗೆ ಹೊಸ ಕರುಳು, ಮುಂದಿನ ತಲೆಮಾರಿನಲ್ಲಿ ಹಳೆಯ ಕರುಳಿಗೆ ಹೊಸ ಮೈ. ವಯಸ್ಸು ಕೇಳಿದರೆ ಯಾರದ್ದನ್ನು ಹೇಳುವುದು?

ಬ್ರಿಟನ್ನಿನ ವಾಯುಪಡೆಯ 'ಬ್ರಾವೊ ನವೆಂಬರ್' ಎಂಬ ಚಿನೂಕ್ ಇದಕ್ಕೆ ಒಳ್ಳೆಯ ಸಾಕ್ಷಿ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ 'ಅಟ್ಲಾಂಟಿಕ್ ಕನ್ವೇಯರ್' ಹಡಗಿಗೆ ಕ್ಷಿಪಣಿ ಬಿದ್ದಾಗ ಅದರಲ್ಲಿದ್ದ ಮೂರು ಚಿನೂಕ್ ನಾಶವಾದವು. ಇದು ಆ ಹೊತ್ತಿಗೆ ಗಾಳಿಯಲ್ಲಿತ್ತು, ಬಚಾವಾಯಿತು. ಆ ಮೇಲೆ 40 ವರ್ಷ ಸೇವೆ ಮಾಡಿ 2022ರಲ್ಲಿ ಮ್ಯೂಸಿಯಂ ಸೇರಿತು. ಅಷ್ಟರಲ್ಲಿ ಅದರ ಮಾದರಿಯ ಹೆಸರೇ ಹಲವು ಸಲ ಬದಲಾಗಿತ್ತು.

ಈಗ ವಯಸ್ಸು ಮತ್ತು ಅಪಾಯದ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಊಹೆ ಸರಿಯಾಗಿ ಎಡವುತ್ತದೆ.

1986ರ ನವೆಂಬರ್ 6. ಉತ್ತರ ಸಮುದ್ರದ ತೈಲ ನೆಲೆಯಿಂದ ಕೆಲಸಗಾರರನ್ನು ಹೊತ್ತ ನಾಗರಿಕ ಚಿನೂಕ್ ಶೆಟ್‌ಲ್ಯಾಂಡಿನ ಸಂಬರೊ ವಿಮಾನ ನಿಲ್ದಾಣದತ್ತ ಬರುತ್ತಿತ್ತು. ರನ್‌ವೇ ಇನ್ನು ಕೆಲವೇ ಕಿಲೋಮೀಟರ್ ಇತ್ತು. ಒಳಗೆ 47 ಜನ. ಚಿನೂಕಿನ ಎರಡು ರೋಟರುಗಳ ಬ್ಲೇಡು ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತವೆ. ಬೆನ್ನಿನ ಮೇಲೆ ಉದ್ದಕ್ಕೂ ಇರುವ ಶಾಫ್ಟು ಮತ್ತು ಗೇರುಗಳು ಅವನ್ನು ತಾಳ ತಪ್ಪದ ಹಾಗೆ ಹಿಡಿದಿರುತ್ತವೆ. ಒಂದು ಬ್ಲೇಡು ಹೋದ ಮೇಲೆ ಆ ಜಾಗಕ್ಕೆ ಇನ್ನೊಂದು. ಆ ದಿನ ಮುಂದಿನ ಗೇರ್‌ಬಾಕ್ಸಿನ ಒಂದು ದೊಡ್ಡ ಉಂಗುರದ ಗೇರು ದಣಿವಿನ ಬಿರುಕಿನಿಂದ ಮುರಿಯಿತು. ತಾಳ ತಪ್ಪಿತು. ಬ್ಲೇಡಿಗೆ ಬ್ಲೇಡು ಬಡಿಯಿತು. 45 ಜನ ಸತ್ತರು.

ಆ ಹೆಲಿಕಾಪ್ಟರ್ ಹಳೆಯದಾಗಿರಲಿಲ್ಲ. ಆ ನಾಗರಿಕ ಮಾದರಿ ಸೇವೆಗೆ ಬಂದಿದ್ದೇ 1981ರಲ್ಲಿ. ಮುರಿದ ಗೇರು ಮಾರ್ಪಾಡು ಮಾಡಿದ, ಅಂದರೆ ಹಳೆಯದಕ್ಕಿಂತ ಉತ್ತಮವಾಗಲಿ ಎಂದು ತಂದ ವಿನ್ಯಾಸದ್ದು. ಉತ್ತರ ಸಮುದ್ರದ ಕೆಲಸಗಾರರು ಮತ್ತೆ ಚಿನೂಕ್ ಹತ್ತಲು ಒಪ್ಪಲಿಲ್ಲ, ಅದು ಸಹಜ. ಆದರೆ ಅದೇ ಮಾದರಿಯ ಉಳಿದ ಹೆಲಿಕಾಪ್ಟರುಗಳನ್ನು ಅಮೆರಿಕದ ಒರೆಗಾನಿನ ಕೊಲಂಬಿಯಾ ಹೆಲಿಕಾಪ್ಟರ್ಸ್ ಕಂಪನಿ ಕೊಂಡಿತು. ಮುಂದಿನ ದಶಕಗಳಲ್ಲಿ ಅವು ದಿಮ್ಮಿ ಹೊತ್ತವು, ಬೆಂಕಿ ಆರಿಸಿದವು. ಪ್ರಯಾಣಿಕರ ಸೇವೆಗಿಂತ ಎಷ್ಟೋ ಒರಟಾದ ಬದುಕು ಅದು.

2016ರ ಏಪ್ರಿಲ್ 29ರಂದು ನಾರ್ವೆಯ ತುರೋಯ್ ದ್ವೀಪದ ಬಳಿ ಬಿದ್ದ ಇಸಿ-225 ಸೂಪರ್ ಪ್ಯೂಮಾದ ಕಥೆಯೂ ಹೀಗೇ. ಮುಖ್ಯ ರೋಟರೇ ಕಳಚಿ ಹೋಯಿತು, 13 ಜನ ಸತ್ತರು. ಆ ಹೆಲಿಕಾಪ್ಟರಿಗೆ ಸುಮಾರು ಏಳು ವರ್ಷ ವಯಸ್ಸು. ಗೇರಿನ ಹಲ್ಲಿನ ಮೇಲ್ಮೈ ಕೆಳಗೇ ಬಿರುಕು ಬೆಳೆದಿತ್ತು. ಸಾಮಾನ್ಯವಾಗಿ ಗೇರು ಸವೆದಾಗ ಎಣ್ಣೆಯಲ್ಲಿ ಲೋಹದ ಚೂರು ಬೀಳುತ್ತದೆ. ಅದನ್ನು ಹಿಡಿಯಲು ಗೇರ್‌ಬಾಕ್ಸಿನಲ್ಲಿ ಅಯಸ್ಕಾಂತದ ಪ್ಲಗ್ ಇರುತ್ತದೆ. ಚೂರು ಅಂಟಿಕೊಂಡರೆ ಕಾಕ್‌ಪಿಟ್ಟಿನಲ್ಲಿ ದೀಪ ಹತ್ತುತ್ತದೆ. ಈ ಬಿರುಕು ಅಂಥ ಸುಳಿವನ್ನೇ ಕೊಡಲಿಲ್ಲ. ಗೇರ್‌ಬಾಕ್ಸಿನ ನಡುಕವನ್ನು ಸದಾ ಅಳೆಯುವ ಸಂವೇದಕಗಳೂ ಇದ್ದವು. 1986ರ ದುರಂತದ ನಂತರ ಉತ್ತರ ಸಮುದ್ರದಲ್ಲಿ ಜೋರಾಗಿ ಬಳಕೆಗೆ ಬಂದ ವ್ಯವಸ್ಥೆಯೇ ಅದು. ಅವೂ ಎಚ್ಚರಿಸಲಿಲ್ಲ.

ಇದರರ್ಥ ಹಳೆಯದೇ ವಾಸಿ ಎಂದಲ್ಲ. ಹಳೆಯ ವಿನ್ಯಾಸಕ್ಕೆ ಒಂದು ಅನುಕೂಲ ಇದೆ. ಅದು ಎಲ್ಲೆಲ್ಲಿ ಮುರಿಯುತ್ತದೆ ಎಂಬುದು ಜನಕ್ಕೆ ಗೊತ್ತಾಗಿರುತ್ತದೆ. ಹೆಚ್ಚಿನ ಸಲ ಯಾರೋ ಜೀವ ಕೊಟ್ಟ ಮೇಲೆಯೇ ಗೊತ್ತಾಗಿರುತ್ತದೆ, ಆ ಮಾತು ಬೇರೆ.

ಹಾಗಾದರೆ ಹಳೆಯ ಯಂತ್ರ ನಿಜಕ್ಕೂ ಎಲ್ಲಿ ಕೈಕೊಡುತ್ತದೆ? ಯಾರೂ ಆಯಸ್ಸು ನಿಗದಿ ಮಾಡದ ಜಾಗಗಳಲ್ಲಿ. ಬ್ಲೇಡಿಗೆ ಗಂಟೆ ಲೆಕ್ಕ ಇದೆ, ಗೇರಿಗೆ ಇದೆ. ವೈರಿಗೆ? ಪೈಪಿಗೆ? 2014ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ, ಸಿಎಚ್-53 ವಂಶದ ಎಂಎಚ್-53ಇ ಒಂದು ವರ್ಜೀನಿಯಾ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. ಐವರಲ್ಲಿ ಮೂವರು ಉಳಿಯಲಿಲ್ಲ. ವೈರು ಮತ್ತು ಇಂಧನದ ಪೈಪು ಉಜ್ಜಿ ಉಜ್ಜಿ ಸವೆದು ಬೆಂಕಿ ಹತ್ತಿಕೊಂಡಿತ್ತು. ಮೂರು ಎಂಜಿನ್, ಏಳು ಬ್ಲೇಡಿನ ಅಷ್ಟು ದೊಡ್ಡ ಯಂತ್ರವನ್ನು ಕೆಡವಿದ್ದು ಒಂದು ಉಜ್ಜಾಟ. ಸಿಎಚ್-53ಇ ಕುಟುಂಬ ನಡುಕಕ್ಕೆ ಹೆಸರಾದದ್ದು. ಒಂದು ಗಂಟೆಯ ಹಾರಾಟಕ್ಕೆ ಮೆಕ್ಯಾನಿಕ್ಕುಗಳ ಹತ್ತಾರು ಗಂಟೆಯ ದುಡಿಮೆ ಬೇಡುತ್ತದೆ. ಕೊನೆಗೆ 2016ರಲ್ಲಿ ಅಮೆರಿಕದ ಮರೀನ್ ಪಡೆ ಒಂದೊಂದನ್ನೇ ಪೂರ್ತಿ ಬಿಚ್ಚಿ, ನೋಡಿ, ಮತ್ತೆ ಜೋಡಿಸುವ ಕೆಲಸ ಶುರು ಮಾಡಬೇಕಾಯಿತು.

2022ರ ಆಗಸ್ಟಿನಲ್ಲಿ ಅಮೆರಿಕದ ಸೈನ್ಯ ತನ್ನ ಸುಮಾರು 400 ಚಿನೂಕುಗಳನ್ನು ಒಮ್ಮೆಲೇ ನೆಲಕ್ಕಿಳಿಸಿತು. ಕೆಲವು ಎಂಜಿನ್ನುಗಳಲ್ಲಿ ಬೆಂಕಿ ಕಾಣಿಸಿತ್ತು. ಹುಡುಕಿದಾಗ ಅನುಮಾನ ಬಂದಿದ್ದು 'ಓ' ಆಕಾರದ ಸಣ್ಣ ಸೀಲ್ ರಿಂಗುಗಳ ಮೇಲೆ. ಕೆಲವು ಎಂಜಿನ್ನುಗಳಿಗೆ ಗುಣಮಟ್ಟಕ್ಕೆ ಹೊಂದದ ರಿಂಗು ಹಾಕಲಾಗಿತ್ತು, ಇಂಧನ ಸೋರುತ್ತಿತ್ತು. ಇಲ್ಲಿ ಕೈಕೊಟ್ಟಿದ್ದು ಹೆಲಿಕಾಪ್ಟರಿನ ವಯಸ್ಸಲ್ಲ. ರಿಂಗು ಹಳೆಯದಲ್ಲ, ಹೊಸದೇ. ಆದರೆ ಸರಿಯಾದದ್ದಲ್ಲ.

ನನಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಅನಿಸುತ್ತದೆ. ಲೋಹದ ಭಾಗವನ್ನು ಬದಲಿಸಬಹುದು. ಆ ಭಾಗವನ್ನು ಮಾಡುವವನು, ಅದನ್ನು ಪರೀಕ್ಷಿಸಲು ಗೊತ್ತಿರುವವನು, 'ಇದು ಸರಿ ಇಲ್ಲ' ಎಂದು ಹೇಳುವ ಹಕ್ಕು ಇರುವವನು ಇದ್ದರೆ ಮಾತ್ರ. ಯಂತ್ರಕ್ಕಿಂತ ಮೊದಲು ಮುದಿಯಾಗುವುದು ಅದರ ಸುತ್ತಲಿನ ಈ ಬಳಗ.

ವಿಮಾನಯಾನದಲ್ಲಿ ಪ್ರತಿ ವಿನ್ಯಾಸಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ, ಅದಕ್ಕೊಬ್ಬ ವಾರಸುದಾರ ಇರುತ್ತಾನೆ. ಲೋಪ ಕಂಡರೆ ಎಲ್ಲರಿಗೂ ತಿಳಿಸುವುದು, ಹೊಸ ಭಾಗಕ್ಕೆ ಒಪ್ಪಿಗೆ ಕೊಡುವುದು, ಆಯಸ್ಸಿನ ಮಿತಿ ತಿದ್ದುವುದು ಅವನ ಹೊಣೆ. ವಾರಸುದಾರ ಇಲ್ಲದ ವಿನ್ಯಾಸ ಅನಾಥ. ರಷ್ಯಾದ ದೈತ್ಯ ಎಂಐ-6 1957ರಲ್ಲಿ ಹುಟ್ಟಿ 2002ರಲ್ಲಿ ಪ್ರಮಾಣಪತ್ರ ಕಳೆದುಕೊಂಡಿತು. ಅಲ್ಲಿಗೆ ಕಥೆ ಮುಗಿಯಿತು.

ಸ್ಕೈಕ್ರೇನ್ ಇದಕ್ಕೆ ತದ್ವಿರುದ್ಧ. ಸಿಕೋರ್ಸ್ಕಿ ಮಾಡಿದ್ದು ಒಟ್ಟು ನೂರರ ಆಸುಪಾಸು. ದೊಡ್ಡ ಕಂಪನಿಗೆ ಅಂಥ ಸಣ್ಣ ಗುಂಪನ್ನು ಸಾಕುವುದು ತಲೆನೋವು. 1992ರಲ್ಲಿ ಎರಿಕ್ಸನ್ ಎಂಬ ಕಂಪನಿ ಪ್ರಮಾಣಪತ್ರವನ್ನೇ ಕೊಂಡುಕೊಂಡಿತು. ಹೆಲಿಕಾಪ್ಟರುಗಳನ್ನು ದುಡಿಸುತ್ತಿದ್ದವರೇ ಅದರ ತಯಾರಕರೂ ಆದರು. ಮರುವರ್ಷವೇ ವಾಷಿಂಗ್ಟನ್ನಿನ ಕ್ಯಾಪಿಟಲ್ ಗುಮ್ಮಟದ ಮೇಲಿನ ಕಂಚಿನ ಪ್ರತಿಮೆಯನ್ನು ರಿಪೇರಿಗಾಗಿ ಇಳಿಸಿ, ಮತ್ತೆ ಏರಿಸಿದ್ದು ಒಂದು ಸ್ಕೈಕ್ರೇನ್. ಈಗ ಆ ಯಂತ್ರಗಳು ಹೊಟ್ಟೆಯಡಿ ಸುಮಾರು 10,000 ಲೀಟರಿನ ಟ್ಯಾಂಕು ಕಟ್ಟಿಕೊಂಡು ಕಾಡ್ಗಿಚ್ಚಿನ ಮೇಲೆ ಹಾರುತ್ತವೆ. ಎರಿಕ್ಸನ್ 2016ರಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಆಮೇಲೆ ಸುಧಾರಿಸಿಕೊಂಡಿತು. ಸುಧಾರಿಸದೇ ಹೋಗಿದ್ದರೆ? ಹಾರುವ ಸ್ಥಿತಿಯಲ್ಲಿರುವ ಹೆಲಿಕಾಪ್ಟರುಗಳ ಭವಿಷ್ಯ ಬ್ಯಾಂಕಿನ ಕಾಗದದ ಮೇಲೆ ನಿಂತಿತ್ತು ಎಂದಾಯಿತು.

ಎಂಐ-26ರ ಕಷ್ಟ ಇನ್ನೂ ಗೋಜಲು. ಹೆಲಿಕಾಪ್ಟರ್ ರಷ್ಯಾದ್ದು. ಅದರ ಎರಡು ಡಿ-136 ಎಂಜಿನ್ನುಗಳು, ತಲಾ 11 ಸಾವಿರ ಅಶ್ವಶಕ್ತಿ ದಾಟುವಂಥವು, ಉಕ್ರೇನಿನ ಝಪೋರಿಝಿಯಾದಲ್ಲಿರುವ ಮೋಟಾರ್ ಸಿಚ್ ಕಾರ್ಖಾನೆಯವು. ಸೋವಿಯತ್ ಕಾಲದಲ್ಲಿ ಅದು ಒಂದೇ ಮನೆಯ ಎರಡು ಕೋಣೆ. 2014ರ ನಂತರ ಆ ಬಾಗಿಲು ಮುಚ್ಚಿತು. ರಷ್ಯಾ ಈಗ ತನ್ನದೇ ಪಿಡಿ-8ವಿ ಎಂಜಿನ್ ತಯಾರಿಸಲು ಹೊರಟಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಹೊರುವ, ಸೇವೆಯಲ್ಲಿರುವ ಹೆಲಿಕಾಪ್ಟರಿಗೆ ಎಂಜಿನ್ ಇಲ್ಲವಾಗುವ ಪರಿಸ್ಥಿತಿ ಬಂದಿದ್ದು ಲೋಹದ ದಣಿವಿನಿಂದಲ್ಲ. ಇಂಥ ಯಂತ್ರ ನಾಲ್ಕೈದು ಮಾತ್ರ ಇಟ್ಟುಕೊಂಡ ದೇಶಗಳ ಪಾಡು ಇನ್ನೂ ಕಷ್ಟ. ದೊಡ್ಡ ಪಡೆಗಳು ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಿ ದಿನ ದೂಡುತ್ತವೆ. ಇರುವುದೇ ನಾಲ್ಕಾದರೆ ಯಾವುದನ್ನು ಬಿಚ್ಚುವುದು?

ಹಾಗಾದರೆ ಹೊಸದು ಮಾಡಬಾರದೇ? ಮಾಡಲು ಹೋದವರು ಸಾಕಷ್ಟು ಜನ. ಸೋವಿಯತ್ ಒಕ್ಕೂಟದ ವಿ-12 ಹೆಲಿಕಾಪ್ಟರ್ 1969ರಲ್ಲಿ 44 ಟನ್ ಎತ್ತಿ ದಾಖಲೆ ಮಾಡಿತು. ಮಾಡಿದ್ದು ಎರಡೇ ಎರಡು. ಅಮೆರಿಕದಲ್ಲಿ ಚಿನೂಕಿನ ದೊಡ್ಡಣ್ಣನಾಗಬೇಕಿದ್ದ ಎಕ್ಸ್‌ಸಿಎಚ್-62 ಹಾರುವ ಮೊದಲೇ 1970ರ ದಶಕದ ಮಧ್ಯದಲ್ಲಿ ರದ್ದಾಯಿತು. ನಿಜಕ್ಕೂ ದಡ ಮುಟ್ಟಿದ್ದು ಸಿಎಚ್-53ಕೆ. 2015ರಲ್ಲಿ ಮೊದಲ ಹಾರಾಟ, 2022ರಲ್ಲಿ ಸೇವೆಗೆ ಸಿದ್ಧ ಎಂಬ ಘೋಷಣೆ. ಒಂದರ ಬೆಲೆ 10 ಕೋಟಿ ಡಾಲರ್ ದಾಟುತ್ತದೆ. ಅದೂ ಹೊರಗಿನ ರೂಪದಲ್ಲಿ 1964ರ ಅಜ್ಜನ ಮೊಮ್ಮಗನೇ. ಕಾರಣ ಸರಳ. ಭಾರೀ ಹೆಲಿಕಾಪ್ಟರ್ ಬೇಕಾದವರು ಜಗತ್ತಿನಲ್ಲಿ ಕಡಿಮೆ, ಬೇಕಾದವರಿಗೆ ಬೇರೆ ದಾರಿ ಇಲ್ಲ. ಸಾವಿರಗಟ್ಟಲೆ ಮಾರುವ ಹಾಗಿದ್ದರೆ ವಿನ್ಯಾಸದ ಖರ್ಚು ಹಂಚಿಹೋಗುತ್ತಿತ್ತು. ಇಲ್ಲಿ ಕೆಲವು ನೂರರ ಮೇಲೇ ಬೀಳುತ್ತದೆ.

ಹೀಗಾಗಿ ಕೊಳ್ಳುವವರು ಸುತ್ತಿ ಬಳಸಿ ಹಳೆಯ ಹೆಸರಿಗೇ ಬರುತ್ತಾರೆ. ಜರ್ಮನಿ 1970ರ ದಶಕದಿಂದ ಬಳಸುತ್ತಿರುವ ತನ್ನ ಸಿಎಚ್-53ಜಿಗಳ ಜಾಗಕ್ಕೆ 2023ರಲ್ಲಿ 60 ಚಿನೂಕ್‌ಗಳಿಗೆ ಆರ್ಡರ್ ಕೊಟ್ಟಿತು. ಕೆನಡಾದ್ದು ಇನ್ನೂ ಮಜಾ. 1990ರ ದಶಕದ ಆರಂಭದಲ್ಲಿ ತನ್ನ ಚಿನೂಕ್‌ಗಳನ್ನು ನೆದರ್‌ಲ್ಯಾಂಡ್ಸಿಗೆ ಮಾರಿತು. ಅವರು ಅವನ್ನು ಡಿ ಮಾದರಿಗೆ ಏರಿಸಿ ಬಳಸಿದರು. 2008ರಲ್ಲಿ ಅಫ್ಘಾನಿಸ್ತಾನದಲ್ಲಿ ಕೆನಡಾಕ್ಕೆ ಹೆಲಿಕಾಪ್ಟರ್ ಬೇಕಾಯಿತು, ಅಮೆರಿಕದ ಸೈನ್ಯದಿಂದ ಬಳಸಿದ ಆರು ಚಿನೂಕ್ ಕೊಂಡಿತು.

ಅಮೆರಿಕದ ಸೈನ್ಯ ಬಿಟ್ಟ ಡಿ ಮಾದರಿಗಳು ಈಗ ಖಾಸಗಿ ಕಂಪನಿಗಳ ಕೈಯಲ್ಲಿ ಬೆಂಕಿ ಆರಿಸುತ್ತಿವೆ. ಸೈನ್ಯದ ಮೂಲದ ಇಂಥ ಯಂತ್ರಗಳಿಗೆ ಸಿಗುವುದು ಸೀಮಿತ ಪ್ರಮಾಣಪತ್ರ. ನೀರು ಸುರಿಯಬಹುದು, ಹೊರೆ ಹೊರಬಹುದು, ದುಡ್ಡು ತೆಗೆದುಕೊಂಡು ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. 2022ರ ಜುಲೈನಲ್ಲಿ ಇಡಾಹೊದ ಕಾಡ್ಗಿಚ್ಚಿನ ಕೆಲಸದಲ್ಲಿದ್ದ ಅಂಥದೊಂದು ಚಿನೂಕ್ ನದಿಗೆ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. ಹಳೆಯ ಸೈನ್ಯದ ಯಂತ್ರ, ಸಹಜವಾಗಿ ಎಲ್ಲರ ಕಣ್ಣು ವಯಸ್ಸಿನ ಮೇಲೆ. ತನಿಖೆಯಲ್ಲಿ ಕಂಡಿದ್ದು ಬೇರೆ. ಕಾಕ್‌ಪಿಟ್ಟಿನಲ್ಲಿದ್ದ ಒಂದು ಐಪ್ಯಾಡ್ ಜಾರಿ, ಪೈಲಟ್ ಕಾಲಿನಿಂದ ಒತ್ತಿ ಹೆಲಿಕಾಪ್ಟರನ್ನು ತಿರುಗಿಸುವ ಪೆಡಲ್ ಬಳಿ ಸಿಕ್ಕಿಕೊಂಡಿತ್ತು. ಆ ಹೆಲಿಕಾಪ್ಟರಿನಲ್ಲಿದ್ದ ಅತ್ಯಂತ ಹೊಸ ವಸ್ತುಗಳಲ್ಲಿ ಒಂದು ಬಹುಶಃ ಅದೇ.

ಚಿನೂಕ್ ನೂರು ವರ್ಷ ಹಾರುತ್ತದೆ ಎಂಬ ಮಾತು ಈ ವಲಯದಲ್ಲಿ ಆಗಾಗ ಕೇಳುತ್ತದೆ. ಮಾರುವವರ ಬಾಯಲ್ಲಿ ಇದು ಜಂಬದ ಮಾತಿನ ಹಾಗಿರುತ್ತದೆ. ಹಾಗೆಂದು ಸುಳ್ಳು ಎನ್ನಲೂ ಆಗುವುದಿಲ್ಲ. ಎಫ್ ಮಾದರಿಯ ಮುಂದಿನ ಹೆಜ್ಜೆಯಾದ 'ಬ್ಲಾಕ್-2' 24 ಟನ್ ದಾಟುವ ತೂಕಕ್ಕೆ ತಯಾರಾಗಿದೆ. ಬಲವಾದ ಮೈ, ಹೊಸ ಇಂಧನ ಟ್ಯಾಂಕು, ಸುಧಾರಿಸಿದ ಗೇರುಗಳು. 2024ರಲ್ಲಿ ಅಮೆರಿಕದ ಸೈನ್ಯ ಇದರ ಪೂರ್ಣ ಉತ್ಪಾದನೆಗೆ ಹಸಿರು ನಿಶಾನೆ ತೋರಿತು. ಇದರ ಜೊತೆಗೆ ಹೊಸ ಆಕಾರದ, ಇನ್ನಷ್ಟು ಭಾರ ಎತ್ತುವ ಬ್ಲೇಡುಗಳೂ ಬರಬೇಕಿತ್ತು. ವರ್ಷಗಟ್ಟಲೆ ಕೆಲಸ ಮಾಡಿ ಹೆಲಿಕಾಪ್ಟರಿಗೆ ಜೋಡಿಸಿ ಹಾರಿಸಿದರು. ನಡುಕ ಮಿತಿ ಮೀರಿತು. ತಿದ್ದಲು ನೋಡಿದರು, ಆಗಲಿಲ್ಲ. ಕೊನೆಗೆ ಬಿಟ್ಟರು. ಈಗ ಬ್ಲಾಕ್-2ಗಳು ಹಳೆಯ ಬ್ಲೇಡಿನೊಂದಿಗೇ ಕಾರ್ಖಾನೆಯಿಂದ ಹೊರಬರುತ್ತಿವೆ.